ಮುರಕಲ್ಲಿನ ಮೇಲಣ ಸೀತಾಳೆ

ಉಡುಪಿಗೆ ಬರುವ ಯಾತ್ರಿಕರು ಶ್ರೀಕೃಷ್ಣನ ದರ್ಶನ ಮಾಡಿಕೊಂಡು, ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನೂ, ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಿತನಾದ ಗೊಮ್ಮಟನನ್ನೂ ನೋಡಿ ಹಿಂದಿರುಗುವುದು ವಾಡಿಕೆ. ಈ ಊರುಗಳ ನಡುವೆ ಅಲ್ಲಲ್ಲಿ ಹರಡಿರುವ ಮುರಕಲ್ಲಿನ ಪದವುಗಳ ಕಡೆಗೆ ಕಣ್ಣೆತ್ತಿ ನೋಡುವವರು ವಿರಳ. ನೋಡಿದರೂ ಬೇಸಗೆಯಲ್ಲಿ ಅಲ್ಲಿ ಕಾಣುವುದೇನು? ಕರಿಹಿಡಿದ ಬಂಡೆ, ಒಣಗಿದ ಹುಲ್ಲು, ಕಾದ ಗಾಳಿ. ಆದುದರಿಂದಲೇ ಜನರು ಅದನ್ನು ಪಾಳುನೆಲವೆನ್ನುವರು. ಈ ಹೆಸರು ಎಷ್ಟು ಸಲ್ಲದೆಂಬುದನ್ನು ತಿಳಿಯಬೇಕಾದರೆ ಮಳೆಗಾಲದಲ್ಲಿ ಪದವನ್ನು ಹತ್ತಬೇಕು.

ಮಣಿಪಾಲವು ನಿಂತಿರುವುದೂ ಇಂತಹ ಮುರಕಲ್ಲಿನ ಎತ್ತರದ ಮೇಲೆಯೇ. ಅಗೆದಾಗ ಮೆತ್ತಗಿದ್ದು, ಗಾಳಿ ಸೋಕಿದ ಮೇಲೆ ಗಟ್ಟಿಯಾಗುವ ಈ ಕಲ್ಲಿಗೆ ಫ್ರಾನ್ಸಿಸ್ ಬುಕಾನನ್ ಎಂಬವನು 1807ರಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟನು; ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಇದರ ಮೇಲಿನ ಮಣ್ಣು ಅನೇಕ ಕಡೆ ಕೆಲವು ಅಂಗುಲಗಳಷ್ಟೇ. ನಾಲ್ಕು ತಿಂಗಳು ನೀರು ನಿಲ್ಲುವುದು. ಉಳಿದ ಕಾಲದಲ್ಲಿ ನೆಲ ಕಾದ ಹೆಂಚಿನಂತಾಗುವುದು. ಇಂತಹ ಕಡೆ ಕೋಮಲವಾದ ಹೂಗಿಡವು ಬದುಕುವುದಾದರೂ ಹೇಗೆ?

ಇದಕ್ಕೆ ಉತ್ತರವನ್ನು ನೆಲದ ಸೀತಾಳೆಯಲ್ಲಿ ನೋಡಬಹುದು. ಸೀತಾಳೆಯೆಂದರೆ ಮರದ ಕೊಂಬೆಯಲ್ಲಿ ತೂಗುವ ಹೂದಂಡೆಯನ್ನೇ ನಮ್ಮವರು ನೆನೆಯುವುದು. ಆದರೆ ಅದೇ ಕುಲದಲ್ಲಿ ನೆಲದಲ್ಲಿ ಬೇರೂರುವ ಜಾತಿಗಳೂ ಅನೇಕವಿವೆ. ಶಾಸ್ತ್ರಜ್ಞರು ‘ಹೆಬನೇರಿಯ’ ಎಂದು ಕರೆಯುವ ಗಣವು ಇವುಗಳಲ್ಲಿ ಮುಖ್ಯವಾದುದು. ಇದರ ಜೀವವೆಲ್ಲ ಗೆಡ್ಡೆಯಲ್ಲಿ. ಹಳೆಯ ಗೆಡ್ಡೆಯು ತನ್ನ ಸತ್ವವನ್ನು ಎಲೆಗೂ ಹೂವಿಗೂ ಧಾರೆಯೆರೆದು ಬತ್ತುವುದು. ಅಷ್ಟರಲ್ಲಿ ಪಕ್ಕದಲ್ಲಿ ಹೊಸ ಗೆಡ್ಡೆ ತುಂಬಿಕೊಂಡಿರುವುದು. ಮಳೆ ಹಿಂದೆಗೆದೊಡನೆ ಗಿಡವು ನೆಲದ ಮೇಲೆ ಅಳಿದು, ಒಳಗೆ ಮುಂದಿನ ವರ್ಷವನ್ನು ಕಾಯುತ್ತಿರುವುದು.

ಹೂವು ಹೆಚ್ಚಾಗಿ ಬಿಳಿ ಅಥವಾ ಹಸಿರುಛಾಯೆಯದು. ಹಲವು ಜಾತಿಗಳಲ್ಲಿ ಮೇಲಿನ ಹೊರದಳವೂ ಇಕ್ಕೆಲದ ಒಳದಳಗಳೂ ಕೂಡಿ ಮುಸುಕಿನಂತೆ ಬಾಗಿರುವುವು. ಕೆಳಗಿನ ದಳವಾದ ‘ತುಟಿ’ಯು ಸಾಮಾನ್ಯವಾಗಿ ಮೂರು ಸೀಳಾಗಿರುವುದು, ಅದರ ಹಿಂದೆ ಮಧುವನ್ನಿಟ್ಟುಕೊಂಡ ನಳಿಗೆ. ಈ ಮಧುವನ್ನು ಹೀರಲು ಇರುಳಿನಲ್ಲಿ ಬರುವ ಪತಂಗದ ಮುಖಕ್ಕೆ ಪರಾಗದ ಮುದ್ದೆ ಅಂಟಿಕೊಂಡು ಮತ್ತೊಂದು ಹೂವಿಗೆ ಸಾಗುವುದು. ಆಸ್ಟ್ರೇಲಿಯದ ‘ಹಸಿರು ಮುಸುಕಿನ’ ಸೀತಾಳೆಯೂ ಹೀಗೆಯೇ ಗೆಡ್ಡೆಯಾಗಿ ಬೇಸಗೆಯನ್ನು ಕಳೆಯುವುದು. ಆದರೆ ಅದು ಮಧುವನ್ನು ನೀಡುವ ಬದಲು, ತುಟಿಯನ್ನು ಥಟ್ಟನೆ ಮೇಲೆತ್ತಿ ಸಣ್ಣ ನೊಣವನ್ನು ಮುಸುಕಿನೊಳಗೆ ಸೆರೆಹಿಡಿಯುವುದು; ಪರಾಗಕ್ಕೆ ಮೈತಾಗಿಸಿಕೊಂಡೇ ನೊಣವು ಹೊರಬೀಳಬೇಕು. ಒಬ್ಬಳು ಅತಿಥಿಗೆ ಬಡಿಸಿ ಕೆಲಸ ಮಾಡಿಸಿಕೊಳ್ಳುವಳು. ಇನ್ನೊಬ್ಬಳು ಬಾಗಿಲು ಹಾಕಿ!

ಆಯುರ್ವೇದದ ಅಷ್ಟವರ್ಗದಲ್ಲಿ ಬರುವ ಋದ್ಧಿ, ವೃದ್ಧಿಗಳನ್ನು ಹಿಮಾಲಯದಲ್ಲಿ ಬೆಳೆಯುವ ಇದೇ ಗಣದ ಗೆಡ್ಡೆಗಳೆಂದು ಗುರುತಿಸುವರು. ಗೆಡ್ಡೆಯನ್ನು ಕಿತ್ತರೆ ಗಿಡವೇ ಹೋಯಿತು. ಬೀಜದಿಂದ ಬೆಳೆಸೋಣವೆಂದರೆ, ಧೂಳಿನಂತಹ ಆ ಬೀಜಕ್ಕೆ ಕಟ್ಟಿಕೊಟ್ಟ ಬುತ್ತಿಯಿಲ್ಲ. ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರವು ಉಣಿಸಿದರೆ ಮಾತ್ರ ಅದು ಮೊಳೆಯುವುದು. ಆದುದರಿಂದ ಈ ಹೂವನ್ನು ಅಂಗಳಕ್ಕೆ ತಂದು ನೆಟ್ಟರೆ ಸಾಮಾನ್ಯವಾಗಿ ಉಳಿಯದು. ಅದರ ಮನೆ ಆ ಪದವೇ.

ಆ ಮನೆಯಾದರೋ ಕರಗುತ್ತಿದೆ. ಕಲ್ಲಿನ ಕೋರೆಗೆ, ಮಣ್ಣಿಗೆ, ಕಟ್ಟಡಗಳಿಗೆ ಪದವುಗಳು ಸಲ್ಲುತ್ತಿವೆ. ನಮ್ಮ ಜಿಲ್ಲೆಯ ಮನೆಗಳ ಗೋಡೆಗಳು ಮುರಕಲ್ಲಿನಿಂದಲೇ ಎದ್ದವು. ಕಲ್ಲೇ ಬೇಡವೆಂದು ನಾವು ಹೇಳಲಾರೆವು. ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ ‘ಫ್ಲೋರಾ ಆಫ್ ಉಡುಪಿ’ ಎಂಬ ಗ್ರಂಥವನ್ನು ಪ್ರಕಟಿಸಿ ಇಲ್ಲಿನ ಸಸ್ಯಸಂಪತ್ತನ್ನು ದಾಖಲಿಸಿದ್ದಾರೆ. ಹೆಸರು ಪುಸ್ತಕದಲ್ಲಿ ಉಳಿದು ಹೂವು ನೆಲದಲ್ಲಿ ಅಳಿಯಬಾರದಷ್ಟೆ.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟು: ಪದವಿನ ಜಾಗವನ್ನು ಬೇಸಗೆಯಲ್ಲಿ ನೋಡಿ ಬೆಲೆಕಟ್ಟಬೇಡಿರಿ. ಒಂದು ಮಳೆಗಾಲ ಮಕ್ಕಳನ್ನು ಕರೆದುಕೊಂಡು ಹೋಗಿ, ಹೂವನ್ನು ಕೀಳದೆ, ಬಗ್ಗಿ ನೋಡಿರಿ. ಆಮೇಲೆ ಅದನ್ನು ಪಾಳೆನ್ನಲು ನಾಲಿಗೆ ಏಳದು.