ಒಂದು ಭಾಷಾಂತರ

2024ರ ದಸರಾ ರಜೆಯಲ್ಲಿ ಊರಿಗೆ ಹೋದವನು ನಾನು ಹಬ್ಬ ಮಾಡಲಿಲ್ಲ. ಹದಿನಾಲ್ಕು ಪುಟ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುತ್ತ ಕುಳಿತೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಭಾಷಾಂತರ ಹೊಸದಲ್ಲ. ತರಗತಿಯಲ್ಲಿ ಒಂದು ಪದ ತಪ್ಪಿದರೆ ಒಂದು ಅಂಕ ಹೋಗುತ್ತದೆ, ಅಷ್ಟೆ. ಇಲ್ಲಿಯಾದರೋ ನನ್ನ ಮಾತನ್ನು ನಂಬಿ ಒಬ್ಬ ಹೆಂಗಸು ತನ್ನ ದೇಹವನ್ನೇ ಒಪ್ಪಿಸುವವಳಿದ್ದಳು. ಇದನ್ನು ಬರೆಯಲು ಅಕ್ಕ ಭಾವ ಒಪ್ಪಿದ್ದಾರೆ. ಆ ಮೂರನೆಯವಳೂ ನಕ್ಕು ಒಪ್ಪಿದ್ದಾಳೆ.

ಅಕ್ಕನ ಮದುವೆಯಾದದ್ದು 2015ರಲ್ಲಿ. ಮೂರು ವರ್ಷ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಅನ್ನತೊಡಗಿದರು. ಅರಳಿಮರ ಸುತ್ತಿದ್ದಾಯಿತು, ನಾಗರಕಲ್ಲಿಗೆ ಹಾಲೆರೆದದ್ದಾಯಿತು. ಬೀದಿಯಲ್ಲಿ ಬಸುರಿಗೆ ಬಳೆ ತೊಡಿಸುವ ಶಾಸ್ತ್ರವಾದರೆ ಎಲ್ಲ ಮನೆಗಳಿಗೂ ಕರೆ ಬರುತ್ತಿತ್ತು, ನಮ್ಮಕ್ಕನ ಮನೆಯೊಂದನ್ನು ಬಿಟ್ಟು. ಆ ದಿನಗಳಲ್ಲಿ ಅವಳು ಹಿತ್ತಿಲಿನಲ್ಲಿ ಪಾತ್ರೆ ಬೆಳಗುತ್ತ ಕೂರುತ್ತಿದ್ದಳು, ಬೆಳಗಿದ್ದನ್ನೇ ಬೆಳಗುತ್ತಿದ್ದಳು.

2021ರಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಹೋದರು. ಪ್ರನಾಳ ಶಿಶುವೆಂದು ನಾವು ಕರೆಯುವ ಕ್ರಮದಲ್ಲಿ ಪ್ರನಾಳವೇನೂ ಇಲ್ಲ. ಇರುವುದು ಚಪ್ಪಟೆಯಾದ ಒಂದು ಪುಟ್ಟ ತಟ್ಟೆ. ಹತ್ತು ಹನ್ನೆರಡು ದಿನ ಹೊಟ್ಟೆಗೆ ಸೂಜಿಮದ್ದು ಚುಚ್ಚಿ, ತಿಂಗಳಿಗೊಂದರಂತೆ ಬಲಿಯುವ ಅಂಡಗಳು ಒಮ್ಮೆಗೇ ಹಲವು ಬಲಿಯುವಂತೆ ಮಾಡುತ್ತಾರೆ. ಅವನ್ನು ಹೊರತೆಗೆದು ಗಂಡನ ವೀರ್ಯದೊಡನೆ ಆ ತಟ್ಟೆಯಲ್ಲಿ ಕೂಡಿಸಿ, ಮೂರರಿಂದ ಐದು ದಿನಗಳಲ್ಲಿ ಭ್ರೂಣವನ್ನು ಗರ್ಭಕೋಶದೊಳಗೆ ಇಡುತ್ತಾರೆ. ಆಮೇಲೆ ಸುಮಾರು ಎರಡು ವಾರ ಕಾಯಬೇಕು. ಆ ಎರಡು ವಾರ ಅಕ್ಕ ಸೀನುವುದಕ್ಕೂ ಹೆದರಿದಳು. ಕಡೆಯಲ್ಲಿ ರಕ್ತಪರೀಕ್ಷೆ, ಇಲ್ಲವೆಂದರು. 2023ರಲ್ಲಿ ಮತ್ತೊಮ್ಮೆ, ಆಗಲೂ ಇಲ್ಲ. ಎರಡು ಎಮ್ಮೆ, ಅಕ್ಕನ ನಾಲ್ಕು ಬಳೆ, ಸಂಘದ ಸಾಲ. ಲೆಕ್ಕ ಬರೆದಿಟ್ಟವನು ನಾನೇ.

ಆ ಬಳಿಕ ಬೇರೊಬ್ಬ ವೈದ್ಯೆ ನೋಡಿ ಕಾರಣ ಹೇಳಿದರು. ಎಂದೋ ಬಂದು ಸದ್ದಿಲ್ಲದೆ ಕುಳಿತಿದ್ದ ಕ್ಷಯ ಗರ್ಭಕೋಶದ ಒಳಪದರವನ್ನು ತಿಂದುಹಾಕಿತ್ತು. ಕ್ಷಯವೆಂದರೆ ಕೆಮ್ಮು ಎಂದಷ್ಟೇ ನಾವು ತಿಳಿದಿದ್ದವರು. ಊರವರು ಅಷ್ಟು ವರ್ಷ ಅಕ್ಕನ ಹಣೆಬರಹವೆಂದದ್ದು ಕಣ್ಣಿಗೆ ಕಾಣದ ಒಂದು ಕ್ರಿಮಿಯ ಕೆಲಸವಾಗಿತ್ತು! ಅಂಡಗಳು ಚೆನ್ನಾಗಿದ್ದವು. ಭ್ರೂಣ ಅವರದೇ ಆಗಬಹುದು, ಹೊರುವವರು ಮಾತ್ರ ಬೇರೆಯಾಗಬೇಕು ಎಂದರು.

ಪತ್ರಿಕೆಗಳಲ್ಲಿ ಇದಕ್ಕೆ 'ಬಾಡಿಗೆ ತಾಯಿ' ಎಂಬ ಮಾತಿದೆ. ಆ ಮಾತು ಒಂದು ಕಾಲಕ್ಕೆ ಸಲ್ಲುತ್ತಿತ್ತು. ಗುಜರಾತಿನ ಆಣಂದ್ ಪಟ್ಟಣಕ್ಕೆ ಪರದೇಶದ ದಂಪತಿಗಳು ಬಂದು, ಬಡ ಹೆಂಗಸರಿಗೆ ಹಣ ಕೊಟ್ಟು ಮಗು ಪಡೆದು ಹೋಗುತ್ತಿದ್ದರು. 2015ರಲ್ಲಿ ಪರದೇಶದವರಿಗೆ ಅದು ನಿಂತಿತು. 2021ರ ಕಾಯಿದೆ 2022ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಹಣಕ್ಕಾಗಿ ಹೊರುವುದೇ ನಿಂತಿತು. ಈಗ ವೈದ್ಯಕೀಯ ವೆಚ್ಚ, 36 ತಿಂಗಳ ವಿಮೆ ಮುಂತಾದುವನ್ನು ಬಿಟ್ಟು ಕೂಲಿಯೆಂದು ಕೊಡುವಂತಿಲ್ಲ. ಹೊರುವವಳಿಗೆ ತನ್ನದೊಂದು ಮಗುವಿರಬೇಕು, ವಯಸ್ಸು 25ರಿಂದ 35ರೊಳಗಿರಬೇಕು. ಹಾಗೆ ಹೊರುವುದೂ ಜೀವಮಾನದಲ್ಲಿ ಒಂದೇ ಸಲ. ನಮ್ಮಮ್ಮ ತಾನೇ ಹೊರುತ್ತೇನೆಂದು ಎದ್ದು ನಿಂತಳು. ಅವಳಿಗೆ ಆಗಲೇ ನಲವತ್ತೇಳು.

ಆಗ ಮುಂದೆ ಬಂದವಳು ಭಾವನ ತಂಗಿ. ಮೂವತ್ತೊಂದು ವರ್ಷ, ಎರಡು ಮಕ್ಕಳು, ಓದಿದ್ದು ಏಳನೆಯ ತರಗತಿ. ಅವಳ ಗಂಡ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ "ಆಸ್ಪತ್ರೆಗೆ ನಾನೂ ಬರ್ತೀನಿ" ಎಂದ. ಆದರೆ ಭಾವನ ತಾಯಿ ಕಿವಿ ಮುಚ್ಚಿಕೊಂಡರು. ಅಣ್ಣನ ಮಗು ತಂಗಿಯ ಹೊಟ್ಟೆಯಲ್ಲೇ? ಇಂಥದ್ದು ಎಲ್ಲಾದರೂ ಉಂಟೇ?

ನಾನು ಓದಿದವನೆಂಬ ಜಂಬದಿಂದ ಚರಿತ್ರೆ ಹೇಳಹೊರಟೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಇಂಥ ಮೊದಲ ಮಗು ಹುಟ್ಟಿತೆಂದೆ. ಅದೇ ವರ್ಷ ಅಕ್ಟೋಬರ್ 3ರಂದು ಕಲಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ನಮ್ಮ ದೇಶದ ಮಗುವೊಂದು ಹುಟ್ಟಿತೆಂದೆ. ಅವರನ್ನು ಸರ್ಕಾರ ನೇಮಿಸಿದ ಸಮಿತಿಯೇ ನಂಬದೆ, 1981ರಲ್ಲಿ ಅವರು ಪ್ರಾಣ ಕಳೆದುಕೊಂಡರೆಂದು ಮಾತ್ರ ಹೇಳಲಿಲ್ಲ. ಮುದುಕಿಗೆ ಇದಾವುದೂ ತಾಗಲಿಲ್ಲ. ದೇವಕಿಯ ಗರ್ಭ ರೋಹಿಣಿಗೆ ಹೋದ ಕಥೆ ಎತ್ತಿದೆ. "ಅವರು ದೇವರು" ಎಂದುಬಿಟ್ಟರು. ಕೊನೆಗೆ ಮಗಳೇ ಹೇಳಿದಳು: "ಅವ್ವಾ, ನಮ್ಮ ಗದ್ದೇಲಿ ನೀರಿಲ್ಲದ ವರ್ಷ ಪಕ್ಕದವರ ಗದ್ದೇಲಿ ಒಟ್ಲು ಬಿಡ್ತಿದ್ದೆವಲ್ಲ? ಪೈರು ಯಾರದಾಯ್ತು?" ಮುದುಕಿ ಬಹಳ ಹೊತ್ತು ಎಲೆಯಡಿಕೆ ಅಗಿಯುತ್ತ ಕುಳಿತರು. ಬೇಡವೆನ್ನಲಿಲ್ಲ.

ಆಸ್ಪತ್ರೆಯವರು ಒಪ್ಪಿಗೆಯ ಕಾಗದವನ್ನು ಇಂಗ್ಲಿಷಿನಲ್ಲೇ ಕೊಟ್ಟರು. ಹೊರುವವಳಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪಡೆಯಬೇಕೆಂದು ಕಾಯಿದೆಯಲ್ಲೇ ಇದೆ. ಗುಮಾಸ್ತರು ಮಾತ್ರ "ಎಲ್ಲರೂ ಹಾಕ್ತಾರಮ್ಮ, ಸಹಿ ಹಾಕು" ಎಂದರಂತೆ. ಅವಳು ಹಾಕಲಿಲ್ಲ. "ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ನಮ್ಮಪ್ಪ ಎರಡೆಕರೆ ಕಳಕೊಂಡ" ಎಂದು ಕಾಗದವನ್ನು ಸೆರಗಿನಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟಳು. ಎರಡು ಮನೆಗಳಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ.

ಹೆಂಗಸರ ನಡುವೆ ಕುಳಿತು ಆ ಮಾತುಗಳನ್ನು ಗಟ್ಟಿಯಾಗಿ ಓದುವಾಗ ನನ್ನ ಕಿವಿ ಬಿಸಿಯಾಯಿತು. ಆದರೆ ಸಂಕೋಚಕ್ಕಿಂತ ಕೆಟ್ಟದ್ದೊಂದು ಮುಂದೆ ಕಾದಿತ್ತು. ಆಗಬಹುದಾದ ಅಪಾಯಗಳ ಪಟ್ಟಿ ಬಂತು: ರಕ್ತದೊತ್ತಡ, ರಕ್ತಸ್ರಾವ, ಗರ್ಭಪಾತ, ಅಪರೂಪಕ್ಕೆ ಪ್ರಾಣಕ್ಕೇ ಕುತ್ತು. ಅದರ ಕೆಳಗೆ, ಭ್ರೂಣವನ್ನು ಇಡುವುದಕ್ಕೆ ಮೊದಲು ಯಾವ ಗಳಿಗೆಯಲ್ಲಾದರೂ ಒಲ್ಲೆನೆಂದು ಹಿಂದೆ ಸರಿಯಬಹುದು ಎಂಬ ಸಾಲು. ಅಕ್ಕ ಬಾಗಿಲ ಮರೆಯಲ್ಲಿ ನಿಂತಿದ್ದಳು. ಈ ಪುಟವನ್ನು ಮೆಲ್ಲನೆ ಹಾರಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ನನಗೆ ಅನ್ನಿಸಿದ್ದು ನಿಜ. ಓದಿದೆ. ಕೊನೆಯ ಸಾಲನ್ನು ಎರಡು ಸಲ ಓದಿದೆ. ಬಾಗಿಲ ಮರೆಯಲ್ಲಿ ಬಳೆಯ ಸದ್ದಾಯಿತು. ಅಕ್ಕ ಒಳಗೆ ಹೋದಳು.

ಭಾವನ ತಂಗಿ ಸಾವಧಾನವಾಗಿ ಕೇಳಿ, "ಆಯ್ತು, ಬರಕೋ" ಎಂದಳು. 'ಬಾಡಿಗೆ ತಾಯಿ' ಎಂದು ಅವಳ ಮುಖದೆದುರು ಹೇಳಲಾರದೆ ನಾನು 'ಹೊತ್ತು ಹೆರುವ ತಾಯಿ' ಎಂದು ಬರೆದಿದ್ದೆ. ಅದನ್ನೂ ಅವಳು ತಡೆದಳು: "ತಾಯಿ ಯಾಕೆ? ತಾಯಿ ಅತ್ತಿಗೆ. ನಾನು ಅದಕ್ಕೆ ಸೋದರತ್ತೆ." ನಮೂನೆಯಲ್ಲಿ ಸೋದರತ್ತೆಗೆ ಕಾಲಂ ಇರಲಿಲ್ಲ. ಕಂಸದಲ್ಲಿ ಬರೆದೆ.

ಜಿಲ್ಲಾ ವೈದ್ಯಕೀಯ ಮಂಡಳಿ, ಮ್ಯಾಜಿಸ್ಟ್ರೇಟರ ಆದೇಶ ಇವುಗಳಲ್ಲಿ ತಿಂಗಳುಗಳು ಹೋದವು. ಮೊದಲ ಭ್ರೂಣ ನಿಲ್ಲಲಿಲ್ಲ. ಎರಡನೆಯದು ನಿಂತಿತು. ಈಗ ಏಳನೆಯ ತಿಂಗಳು. ಕಳೆದ ವಾರ ಬಳೆ ತೊಡಿಸಿದರು, ತೊಡಿಸಿದವಳು ಅಕ್ಕ. ಬಳೆಗಾರ ಮಲಾರ ಬಿಚ್ಚಿ ಯಾರ ಕೈಯೆಂದು ಕೇಳಿದಾಗ ಇಬ್ಬರೂ ಒಮ್ಮೆಗೇ ಕೈ ಚಾಚಿ ನಕ್ಕುಬಿಟ್ಟರು.

ಊಟವಾದ ಮೇಲೆ ನಾನು ತಮಾಷೆಗೆ, ಕಾಯಿದೆಯ ಪ್ರಕಾರ ನಿನಗೆ ಕೂಲಿಯೇನೂ ಇಲ್ಲ ಎಂದು ನೆನಪು ಮಾಡಿದೆ.

"ಕೂಲಿ ಯಾವನು ಕೇಳಿದ? ಹೆಸರಿಡೋ ದಿನ ಸೋದರತ್ತೆಗೆ ಸೀರೆ ಬರಬೇಕು. ಅಂಚು ದೊಡ್ಡದಿರಲಿ ಅಂತ ನಿಮ್ಮಕ್ಕಂಗೆ ಹೇಳು."

ಅದಕ್ಕೇನಾದರೂ ಅಡ್ಡಿಯಿದೆಯೇ ಎಂದು ನಾನು ಕಾಯಿದೆಯನ್ನು ತೆರೆದು ನೋಡಿಲ್ಲ.