ಬಚ್ಚಲ ನೀರಿಗೊಂದು ಪಂಪು

ಪಂಪು ಕೊಳ್ಳುವುದು ಗಂಡಸರ ಕೆಲಸವೆಂದು ನಾನೂ ತಿಳಿದಿದ್ದೆ. ಕುಕ್ಕರು, ಮಿಕ್ಸರು ಎಂದರೆ ನಾಲ್ಕು ಅಂಗಡಿ ತಿರುಗಿ ಆರಿಸುವವಳು, ಬಚ್ಚಲ ನೀರೆತ್ತುವ ಪಂಪಿನ ಮಾತು ಬಂದಾಗ ಮಾತ್ರ ನಮ್ಮವರ ಕೈಗೆ ದುಡ್ಡು ಕೊಟ್ಟು ಸುಮ್ಮನೆ ಕುಳಿತೆ. ನನ್ನ ಭಿಶಿ ಹಣದಲ್ಲಿ ಅರ್ಧ ನೀರಿನಲ್ಲಿ ಹೋಯಿತು, ಅದೂ ಕೊಳೆನೀರಿನಲ್ಲಿ!

ಗೋಕಾಕದಲ್ಲಿ ನಮ್ಮದು ಹಳೆಯ ಮನೆ. ಮಾವನವರು ಕಟ್ಟಿಸಿದಾಗ ಅಂಗಳವು ರಸ್ತೆಗಿಂತ ಎರಡು ಮೆಟ್ಟಿಲು ಮೇಲಿತ್ತಂತೆ. ಆಮೇಲೆ ರಸ್ತೆ ಮೂರು ಸಲ ಕಾಂಕ್ರೀಟು ಕಂಡು ಎತ್ತರವಾಯಿತು, ನಮ್ಮ ಹಿತ್ತಲು ತಗ್ಗಾಗಿ ಉಳಿಯಿತು. ಪಾಯಖಾನೆಯ ನೀರಿಗೆ ಬೇರೆ ಸೆಪ್ಟಿಕ್ ಟ್ಯಾಂಕಿದೆ, ಅದರ ಚಿಂತೆ ಇರಲಿಲ್ಲ. ಸ್ನಾನದ್ದು, ಬಟ್ಟೆ ಒಗೆದದ್ದು, ಮುಸುರೆಯದು, ಈ ನೀರು ಗಟಾರಕ್ಕೆ ಹತ್ತಲಾರದೆ ಗೋಡೆಯ ಸಂದಿಯಿಂದ ಪಕ್ಕದವರ ಹಿತ್ತಲಿಗೆ ಇಳಿಯತೊಡಗಿತು. ಇಪ್ಪತ್ತು ವರ್ಷ ಹಬ್ಬಕ್ಕೆ ಹೋಳಿಗೆ ಕೊಟ್ಟು ತೆಗೆದುಕೊಂಡ ಮನೆಯವರು ಅವರು. "ಅಕ್ಕಾರ, ನಿಮ್ಮ ಮುಸುರಿ ನೀರಾಗ ನಾವು ಎಷ್ಟ ದಿನಾ ಕಾಲ ಇಡೂದ್ರಿ?" ಎಂದು ಒಂದು ದಿನ ಆಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ದಸರೆಗೆ ಅವರು ಬನ್ನಿ ಕೊಡಲು ನಮ್ಮ ಮನೆಗೆ ಬರಲಿಲ್ಲ.

ಹುಕ್ಕೇರಿಯಲ್ಲಿ ನನ್ನ ತಂಗಿಯ ಮನೆಯಲ್ಲಿ ಒಂದು ಏರ್ಪಾಡು ನೋಡಿದ್ದೆ. ಬಚ್ಚಲ ನೀರು ಮೊದಲು ಒಂದು ಸಣ್ಣ ಗುಂಡಿಯಲ್ಲಿ ನಿಂತು ರಾಡಿ ಇಳಿಸುತ್ತದೆ. ಅಲ್ಲಿಂದ ಖಡಿ ತುಂಬಿದ ಮಡಿಯೊಳಗೆ ನಿಧಾನವಾಗಿ ಹಾಯುತ್ತದೆ. ಖಡಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ, ಮೇಲೆ ನೆಟ್ಟ ಕ್ಯಾನಾ ಮತ್ತು ಕೆಸುವಿನ ಗಿಡಗಳು ತಮ್ಮ ಪಾಲು ಹೀರುತ್ತವೆ. ಕೊನೆಗೆ ಬರುವ ನೀರು ತೆಂಗಿಗೆ. ಅವಳ ಮನೆ ಇಳಿಜಾರಿನಲ್ಲಿರುವುದರಿಂದ ಪಂಪಿನ ಗೊಡವೆಯೇ ಇಲ್ಲ. ನಿಮ್ಮ ಮನೆಗೂ ಇಳಿಜಾರು ಇದ್ದರೆ, ಸೋದರಿಯರೇ, ಇದನ್ನು ಇಲ್ಲಿಗೇ ಬಿಟ್ಟು ಅಡಿಗೆಯ ಪುಟ ತೆರೆಯಿರಿ!

ನಮ್ಮಲ್ಲಿ ಮಡಿ ಮಾಡಲು ಜಾಗವಿದ್ದದ್ದು ಎತ್ತರದ ಮುಂದಿನ ಅಂಗಳದಲ್ಲಿ. ಆದ್ದರಿಂದ ಹಿತ್ತಲಿನ ಗುಂಡಿಯಿಂದ ನೀರನ್ನು ಎತ್ತಲೇಬೇಕು. ನಮ್ಮವರು ಒಂದು ಎಚ್‌ಪಿಯ ಮೊನೊಬ್ಲಾಕ್ ತಂದರು. ದೊಡ್ಡದಿದ್ದಷ್ಟು ಒಳ್ಳೆಯದೆಂದು ಅಂಗಡಿಯವರು ಹೇಳಿದರಂತೆ. ಎರಡೇ ತಿಂಗಳಲ್ಲಿ ಮೋಟರು ಸುಟ್ಟಿತು. ವೈಂಡಿಂಗ್ ಮಾಡುವ ಹುಡುಗ ಬಿಚ್ಚಿದಾಗ ಒಳಗಿನ ಚಕ್ರಕ್ಕೆ ಸುತ್ತಿಕೊಂಡಿದ್ದುದು ನನ್ನದೇ ಕೂದಲು, ನಡುವೆ ಏಕಾದಶಿಯ ಸಾಬೂದಾಣಿ, ಒಂದು ಸೇಫ್ಟಿ ಪಿನ್ನು! "ಇದು ಚೊಲೋ ನೀರಿನ ಪಂಪ್ ಐತ್ರಿ ಅಕ್ಕಾ. ಇದಕ್ಕ ಬಚ್ಚಲಾ ಕುಡಿಸೀರಿ" ಎಂದ. ಎರಡೂ ಕಡೆ ಮುಚ್ಚಿದ ಆ ಚಕ್ರದ ಸಂದುಗಳಲ್ಲಿ ನನ್ನ ಕಿರುಬೆರಳೂ ತೂರಲಿಲ್ಲ.

ಎರಡನೆಯದನ್ನು ನಾನೇ ಆರಿಸುವುದೆಂದು ಹಟ ಹಿಡಿದೆ. ತವರಿಗೆಂದು ಮುದಲಗಿಗೆ ಹೋದಾಗ ತಮ್ಮನನ್ನು ಕೇಳಿದೆ. ಕಬ್ಬಿನ ಹೊಲದವನು, "ಅಕ್ಕಾ, ಮೂರ ಎಚ್‌ಪಿ ಹಾಕಸು, ಚಿಂತೀನ ಬ್ಯಾಡ" ಎಂದ. ನನಗೆ ಚಿಂತೆ ಹತ್ತಿದ್ದೇ ಆಗ. ಮನೆಗೆ ಬಂದು ಎರಡು ದಿನ ಕೊಡಗಳ ಲೆಕ್ಕ ಹಿಡಿದೆ. ಆರು ಜನರಿಂದ ದಿನಕ್ಕೆ ಸುಮಾರು ಐನೂರು ಲೀಟರು ಕೊಳೆನೀರು. ನಿಮಿಷಕ್ಕೆ ನೂರು ಲೀಟರು ಎತ್ತುವ ಪಂಪಿಗೆ ಅದು ಐದು ನಿಮಿಷದ ಕೆಲಸ! ಮೂರು ಎಚ್‌ಪಿ ಹಾಕಿದರೆ ಗುಂಡಿಯನ್ನು ಒಂದೇ ಗುಟುಕಿಗೆ ಬರಿದು ಮಾಡಿ, ತಳದ ರಾಡಿಯನ್ನೂ ಎಳೆದುಕೊಂಡು ಮಡಿಯ ಮೇಲೆ ಸುರಿಯುತ್ತಿತ್ತು. ಖಡಿಯಲ್ಲಿ ನಿಲ್ಲದ ನೀರು ಶುದ್ಧವಾಗುವುದಾದರೂ ಹೇಗೆ?

ಇನ್ನು ಎತ್ತರದ ಮಾತು. ನಮ್ಮೂರ ಫಾಲ್ಸ್‌ನಲ್ಲಿ ಸುಮಾರು 170 ಅಡಿಯಿಂದ ಧುಮುಕುವ ಘಟಪ್ರಭೆಯಿಂದ 1887ರಲ್ಲಿಯೇ ವಿದ್ಯುತ್ ತೆಗೆದರು. ಬೀಳುವ ನೀರು ಶಕ್ತಿ ಕೊಡುತ್ತದೆ, ಏರುವ ನೀರು ಅದನ್ನೇ ಕೇಳುತ್ತದೆ, ಒಂದೊಂದು ಅಡಿಗೂ. ಗುಂಡಿಯ ತಳದಿಂದ ಮಡಿಯ ಬಾಯಿಗೆ ನಮ್ಮಲ್ಲಿ 11 ಅಡಿ. ಪೈಪಿನ ಉದ್ದ, ಅದರ ತಿರುವುಗಳ ಎಳೆತ ಸೇರಿಸಿ 16 ಅಡಿ ಹಿಡಿದೆ, ಎಂದರೆ ಹತ್ತಿರ ಹತ್ತಿರ 5 ಮೀಟರು. ಪಂಪಿನ ಪೆಟ್ಟಿಗೆಯ ಮೇಲೆ ಹೆಚ್ಚಿನ ಹೆಡ್ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತದಲ್ಲ, ಆ ಎತ್ತರ ಮುಟ್ಟಿದಾಗ ನೀರು ಒಂದು ಹನಿಯೂ ಹೊರಗೆ ಬೀಳುವುದಿಲ್ಲ, ಗೊತ್ತೇ? ನಿಮ್ಮ ಎತ್ತರಕ್ಕೆ ನಿಮಿಷಕ್ಕೆ ಎಷ್ಟು ಲೀಟರು ಎಂದೇ ಕೇಳಬೇಕು. ಪಂಪಿನ ಜೊತೆ ಬರುವ ಕಾಗದದಲ್ಲಿ ಇದೆಲ್ಲ ಇರುತ್ತದೆ.

ಅಂಗಡಿಗೆ ಹೋಗುವಾಗ ಮಗನ ಹಳೆಯದೊಂದು ಗೋಲಿಯನ್ನು ಪರ್ಸಿನಲ್ಲಿ ಹಾಕಿಕೊಂಡು ಹೋದೆ. "ಇದು ಇದರಾಗ ಹಾಯ್ತೈತೇನ್ರಿ?" ಎಂದು ಕೇಳಿದಾಗ ಅಂಗಡಿಯವರು ನಕ್ಕರು. ನಗಲಿ. ಕೊಳೆನೀರಿಗೆಂದೇ ಮಾಡಿದ, ನೀರಲ್ಲಿ ಮುಳುಗಿಸಿಡುವ ಪಂಪಿನಲ್ಲಿ ಚಕ್ರ ತೆರೆದಿರುತ್ತದೆ, ಎಷ್ಟು ದಪ್ಪನೆಯ ಕಸ ಹಾಯಬಹುದೆಂದು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ನನ್ನದು 25 ಮಿಲಿಮೀಟರಿನದು, ಅರ್ಧ ಎಚ್‌ಪಿ. ಕತ್ತರಿಸುವ ಬ್ಲೇಡಿನದನ್ನೂ ತೋರಿಸಿದರು. ಅದು ಪಾಯಖಾನೆಯ ನೀರಿಗೆ ಬೇಕಾದೀತು, ನನಗೇಕೆ? ಆ ದುಡ್ಡಿನಲ್ಲಿ ಫ್ಲೋಟ್ ಸ್ವಿಚ್ ಇದ್ದುದನ್ನೇ ತೆಗೆದುಕೊಂಡೆ. ಗುಂಡಿ ತುಂಬಿದಾಗ ತಾನೇ ಶುರುವಾಗಿ ಇಳಿದಾಗ ತಾನೇ ನಿಲ್ಲುತ್ತದೆ. ಮೊದಲಿನದು ಸುಟ್ಟಿದ್ದಕ್ಕೆ ಕೂದಲಿನಷ್ಟೇ ಖಾಲಿ ಗುಂಡಿಯಲ್ಲಿ ಓಡಿದ್ದೂ ಕಾರಣ. ನಾವೆಲ್ಲ ಧಾರಾವಾಹಿ ನೋಡುತ್ತ ಕುಳಿತಿದ್ದೆವು!

ನೀರು, ಕರೆಂಟು ಜೊತೆಗಿರುವ ಕಡೆ ಮಾತ್ರ ಜಿಪುಣತನ ಬೇಡ. ಅರ್ಥಿಂಗ್ ಮಾಡಿಸಿ, ಕರೆಂಟು ಸೋರಿದ ಕೂಡಲೇ ಅದನ್ನು ಕಡಿಯುವ ಬ್ರೇಕರು ಹಾಕಿಸಿದೆವು. ಪಂಪನ್ನು ಎತ್ತುವಾಗ ಪ್ಲಗ್ ಕಿತ್ತು, ಹಗ್ಗ ಹಿಡಿದೇ ಎತ್ತಬೇಕು, ವಾಯರು ಹಿಡಿದು ಜಗ್ಗಬಾರದು. 2019ರ ಆಗಸ್ಟಿನಲ್ಲಿ ಹೊಳೆ ಊರೊಳಗೆ ಬಂದಾಗ ನೀರು ನಿಂತ ಗೆರೆ ನಮ್ಮ ಹಿತ್ತಲ ಗೋಡೆಯ ಮೇಲೆ ಇನ್ನೂ ಇದೆ. ಸ್ವಿಚ್ ಬೋರ್ಡನ್ನು ಅದಕ್ಕಿಂತ ಒಂದು ಮೊಳ ಮೇಲೆ ಹೊಡೆಸಿದೆ.

ಇಷ್ಟೆಲ್ಲ ಆದ ಮೇಲೆ ಅತ್ತೆಯವರು, "ನೀರ ಎತ್ತೂದಕ್ಕಿಂತ ಕೂದಲಾ ಎತ್ತೂದ ಸಸಾರ" ಎಂದರು. ನಿಜವೇ. ಈಗ ಬಚ್ಚಲ ತೂತಿಗೆ ಜಾಳಿಗೆ ಇದೆ. ಜಿಡ್ಡಿನ ಪಾತ್ರೆಗಳನ್ನು ಹಳೆಯ ಪೇಪರಿನಿಂದ ಒರೆಸಿಯೇ ತೊಳೆಯಲು ಕೊಡುತ್ತೇನೆ. ಭಜಿ ಕರಿದ ಎಣ್ಣೆಯನ್ನು ಮೋರಿಗೆ ಸುರಿಯುವ ಚಟ ಮಾತ್ರ ಅತ್ತೆಯವರದೇ, ಬಿಡಿಸಲು ಇನ್ನೂ ಆಗಿಲ್ಲ. ವಾರಕ್ಕೊಮ್ಮೆ ಗುಂಡಿಯ ಮೇಲಿನ ಜಿಡ್ಡನ್ನು ನಾನೇ ತೆಗೆಯುತ್ತೇನೆ. ಕೊಳೆನೀರು ಗುಂಡಿಯಲ್ಲಿ ಒಂದು ದಿನಕ್ಕಿಂತ ಹೆಚ್ಚು ನಿಂತರೆ ನಾರುತ್ತದೆ, ಆದ್ದರಿಂದ ಊರಿಗೆ ಹೋಗುವಾಗ ಖಾಲಿ ಮಾಡಿಯೇ ಹೊರಡುತ್ತೇವೆ.

ಮಡಿಯಲ್ಲಿ ಕ್ಯಾನಾ ಕೆಂಪಗೆ ಹೂಬಿಟ್ಟಿದೆ. ಪಕ್ಕದ ಹಿತ್ತಲು ಒಣಗಿದೆ. ಕಳೆದ ದಸರೆಗೆ ಆಕೆ ಬರಲಿಲ್ಲ, ಮೊಮ್ಮಗನ ಕೈಯಲ್ಲಿ ಬನ್ನಿ ಕಳಿಸಿದ್ದರು. ನಾನು ಅವನ ಕೈಯಲ್ಲಿ ಕರದಂಟು ಕೊಟ್ಟು, ಒಂದು ಕ್ಯಾನಾ ಗಡ್ಡೆಯನ್ನೂ ಕಾಗದದಲ್ಲಿ ಸುತ್ತಿ ಕಳಿಸಿದೆ. ಮೊನ್ನೆ ಗೋಡೆಯಾಚೆ ಇಣುಕಿದೆ. ನೆಟ್ಟಿದ್ದಾರೆ.