ಬಿಸಿಲಿಗೆ ಪುಡಿಯಾಗುವ ಪ್ಲಾಸ್ಟಿಕ್

ಹೊರಗೆ ಬಿಟ್ಟ ಪ್ಲಾಸ್ಟಿಕ್ ಹಾಳಾಗುವುದು ಬಿಸಿಲಿನ ಕಾವಿಗಿಂತ ಹೆಚ್ಚಾಗಿ ಅದರಲ್ಲಿರುವ ನೇರಳಾತೀತ ಕಿರಣಗಳಿಂದ. ನೆಲ ಮುಟ್ಟುವ ಈ ಕಿರಣಗಳ ತರಂಗಾಂತರ ಸುಮಾರು 290ರಿಂದ 400 ನ್ಯಾನೋಮೀಟರ್. ಕುರ್ಚಿ, ಬಕೆಟ್, ಹಗ್ಗಗಳ ಪಾಲಿಪ್ರೊಪಿಲೀನಿನಲ್ಲಿ ಉಳಿದ ಕಲ್ಮಶಗಳು ಇವನ್ನು ಹೀರಿಕೊಂಡಾಗ ಉದ್ದನೆಯ ಅಣುಸರಪಳಿಗಳು ಕಡಿಯತೊಡಗುತ್ತವೆ. ಕಡಿದ ಕಡೆ ಗಾಳಿಯ ಆಮ್ಲಜನಕ ಸೇರುತ್ತದೆ. ಅಲ್ಲಿಂದ ಮುಂದೆ ಒಂದು ಚೂರು ಇನ್ನೊಂದನ್ನು ಕೆಡಿಸುತ್ತಾ ಹೋಗುತ್ತದೆ. ಮೊದಲು ಬಣ್ಣ ಮಂಕಾಗುತ್ತದೆ, ಆಮೇಲೆ ಮುಟ್ಟಿದರೆ ಕೈಗೆ ಸುಣ್ಣದಂಥ ಪುಡಿ ಹತ್ತುತ್ತದೆ, ಸಣ್ಣ ಬಿರುಕುಗಳು ಏಳುತ್ತವೆ. ತಾರಸಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕುರ್ಚಿ ಕೂತೊಡನೆ ಲಟಕ್ಕನೆ ಮುರಿಯುವುದು ಹೀಗೆ. ಕೂತವರ ತೂಕವನ್ನು ದೂರಿ ಫಲವಿಲ್ಲ.

ರಕ್ಷಣೆಗೆ ಅಗ್ಗದ ಉಪಾಯ ಕಪ್ಪು ಬಣ್ಣ. ನೀರಿನ ಕಪ್ಪು ಪೈಪಿನ ಪಾಲಿಥಿನ್‌ಗೆ ಶೇ. 2ರಿಂದ 2.5ರಷ್ಟು ಕಾರ್ಬನ್ ಬ್ಲ್ಯಾಕ್, ಅಂದರೆ ನುಣ್ಣನೆಯ ಮಸಿ, ಬೆರೆಸುತ್ತಾರೆ. ಅದು ಕಿರಣಗಳನ್ನು ಮೇಲ್ಪದರದಲ್ಲೇ ಹೀರಿ ಶಾಖವಾಗಿ ಬಿಟ್ಟುಬಿಡುತ್ತದೆ. ಬೆಳೆ ಬೆಳೆಯುವ ಪಾಲಿಹೌಸ್‌ನ ಹಾಳೆ ಬೆಳಕನ್ನು ಒಳಬಿಡಬೇಕಾದ್ದರಿಂದ ಅದಕ್ಕೆ ಮಸಿ ನಡೆಯದು. ಅಲ್ಲಿ ಕಡಿದ ಚೂರುಗಳನ್ನು ಆಗಿಂದಾಗಲೇ ಸುಮ್ಮನಾಗಿಸುವ ಅಮೀನ್ ಜಾತಿಯ ರಾಸಾಯನಿಕ ಸೇರಿಸಬೇಕು. ಗಂಧಕ, ಕ್ಲೋರಿನ್ ಇರುವ ಔಷಧಿ ತಗುಲಿದರೆ ಇದರ ಶಕ್ತಿ ಕುಂದುತ್ತದೆ. ಗಂಧಕ ಹೊಡೆಯುವ ತೋಟಗಳಲ್ಲಿ ಹಾಳೆ ಬೇಗ ಹರಿಯಲು ಇದೂ ಒಂದು ಕಾರಣ.

ಇದೇ ಕಿರಣಗಳು ಮನೆಯೊಳಗಿನ ಬಟ್ಟೆಯ ಬಣ್ಣವನ್ನೂ ಮಾಸಿಸುತ್ತವೆ; ಅವನ್ನು ತಡೆಯಲು ಕಿಟಕಿಯ ಗಾಜನ್ನು ನಂಬುವಂತಿಲ್ಲ. ಸಾಮಾನ್ಯ ಗಾಜು ಕಿರಿದಾದ ತರಂಗಾಂತರದ ಕಿರಣಗಳನ್ನು ತಡೆದರೂ ಸುಮಾರು 330 ನ್ಯಾನೋಮೀಟರ್ ಮೇಲಿನವನ್ನು ಬಹುಪಾಲು ಒಳಬಿಡುತ್ತದೆ. ಗಾಜಿಗೆ ಈ ಕಿರಣ ತಡೆಯುವ ಫಿಲ್ಮ್ ಅಂಟಿಸಿದರೆ ಬಣ್ಣ ಮಾಸುವುದು ನಿಧಾನವಾದೀತು, ನಿಲ್ಲದು. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಕೆಡಿಸುತ್ತದೆ. ವಸ್ತುಸಂಗ್ರಹಾಲಯಗಳು ಹಳೆಯ ರೇಷ್ಮೆಗೆ 50 ಲಕ್ಸ್‌ನಷ್ಟು ಮಂದ ಬೆಳಕನ್ನಷ್ಟೇ ಇಡುವುದು ಅದಕ್ಕೇ.